ಸಾತವ್ವನ ಕಸಿ ಚಾಕು

ನಾನು ಒಂದು ಕಸಿ ಚಾಕು. ಉದ್ದ ಅಂಗೈಯಷ್ಟೇ. ಧಾರವಾಡದ ಹತ್ತಿರದ ಹಳ್ಳಿಯೊಂದರಲ್ಲಿ ಕಂಬಾರ ಮೌನಪ್ಪ ಸವೆದ ಅರವೊಂದನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು ನನ್ನನ್ನು ಮಾಡಿದ. ಹಿಡಿ ಹಾಕುವ ಮೊದಲು ಎದುರಿಗೆ ನಿಂತಿದ್ದ ಹೆಂಗಸಿಗೆ ಹೇಳಿದ, "ನಿಮ್ಮ ಯಜಮಾನ್ರನ್ನ ಕಳಸ್ರಿ, ಯವ್ವಾ. ಹಿಡಿಗೆ ಅವರ ಕೈ ಅಳತಿ ಬೇಕು."

"ಕಸಿ ಕಟ್ಟಾಕಿ ನಾನು," ಎಂದಳು ಸಾತವ್ವ. "ನನ್ನ ಕೈ ಅಳತಿ ತಗೋ."

ಮೌನಪ್ಪ ನಕ್ಕ. ಆ ನಗು ನನ್ನನ್ನು ಕುಲುಮೆಗಿಂತ ಹೆಚ್ಚು ಸುಟ್ಟಿತು. ಹುಟ್ಟಿದ ದಿನವೇ ಬಂದ ಸಿಟ್ಟು ಅದು.

ಸಾತವ್ವನ ಗಂಡ ಅಡಿವೆಪ್ಪ ಕೆಟ್ಟವನೇನಲ್ಲ. ಹತ್ತಿ ಹೇರಿಕೊಂಡು ಹುಬ್ಬಳ್ಳಿಗೆ ಚಕ್ಕಡಿ ಹೊಡೆಯುತ್ತಿದ್ದ. ವಾರಕ್ಕೆರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಊರಾಚೆಯ ಆರು ಎಕರೆ ಕಲ್ಲುನೆಲವನ್ನು ಹಸನು ಮಾಡಿದವಳು ಅವಳು. ಬಂಗಲೆಯೊಂದರ ಮಾಲಿಯ ಕೈಗೆಲಸವನ್ನು ಬೇಲಿಯಾಚೆ ನಿಂತು ನೋಡಿ ನೋಡಿಯೇ ಕಸಿ ಕಲಿತಿದ್ದಳು. ನಾಟಿ ಮಾವಿನ ಸಸಿಯ ತಲೆ ಕತ್ತರಿಸಿ, ನಡುವೆ ಸೀಳುವಳು. ಆಪೂಸಿನ ಕುಡಿಯನ್ನು ನನ್ನಿಂದ ಬೆಣೆಯಂತೆ ಹೆರೆದು, ಆ ಸೀಳಿನಲ್ಲಿ ಕೂರಿಸಿ, ಬಾಳೆನಾರಿನಿಂದ ಬಿಗಿಯುವಳು. ಮೊದಲ ವರ್ಷ ಕಟ್ಟಿದ್ದು ನಲವತ್ತು. ಮೂವತ್ತೊಂದು ಒಣಗಿಹೋದವು. ಒಬ್ಬಳೇ ಕೂತು ಅತ್ತಳು. ಮರುವರ್ಷ ಮತ್ತೆ ಕಟ್ಟಿದಳು. ಮಾವು ಫಲಕ್ಕೆ ಬರುವವರೆಗೆ ಸಾಲುಗಳ ನಡುವೆ ಬದನೆ, ಮೆಂತ್ಯ, ಹಸಿಮೆಣಸು ಬೆಳೆದು, ಬುಟ್ಟಿ ಹೊತ್ತು ಸಂತೆಗೆ ನಡೆದಳು. ಹದಿನೈದು ವರ್ಷಕ್ಕೆ ಇನ್ನೂರು ಮರಗಳಾದವು. ಊರಿನವರು ಅದಕ್ಕೆ ಅಡಿವೆಪ್ಪನ ತೋಟ ಎಂದರು.

ಕಣ್ಣು ಮಂಜಾದಾಗ ಸಾತವ್ವ ನನ್ನನ್ನು ಸೊಸೆ ಕಸ್ತೂರೆವ್ವನಿಗೆ ಕೊಟ್ಟಳು. ಹೊಸ ಕೈಗೆ ನಾನು ಒಗ್ಗಲಿಲ್ಲ. ಮೊದಲ ದಿನವೇ ಅವಳ ಹೆಬ್ಬೆರಳು ಕೊಯ್ದೆ. ಅವಳು ಗಾಯಕ್ಕೆ ಅರಿಶಿನ ಮೆತ್ತಿ, ಕಸಿ ಮುಗಿಸಿಯೇ ಎದ್ದಳು. ಅವತ್ತಿನಿಂದ ನಾನು ಅವಳ ಮಾತು ಮೀರಲಿಲ್ಲ. ತೋಟಕ್ಕೆ ಪೇರಲ, ಚಿಕ್ಕು ಬಂದದ್ದು ಅವಳಿಂದ.

ಅವಳ ಗಂಡ ರುದ್ರಪ್ಪ ವ್ಯಾಪಾರ ನೋಡಿಕೊಳ್ಳುತ್ತಿದ್ದ. ಒಂದು ವರ್ಷ ಅವನಿಗೆ ಉತ್ತಮ ತೋಟಗಾರನೆಂದು ಸನ್ಮಾನವಾಯಿತು. ಅಭಿನಂದಿಸಲು ಬಂದವರಲ್ಲಿ ಯಾರೋ, ಕಸಿಗೆ ಎಂಥ ಕುಡಿ ಆರಿಸಬೇಕು ಎಂದು ಕೇಳಿದರು. ಶಾಲು ಹೊದ್ದು ಕೂತಿದ್ದ ರುದ್ರಪ್ಪ ಅಡುಗೆಮನೆಯತ್ತ ತಿರುಗಿ ಕೂಗಿದ. ಉತ್ತರ ಒಳಗಿನಿಂದ ಬಂತು, ಹೋಳಿಗೆಯ ಜೊತೆಗೆ. ಬಂದವರು ಹೋಳಿಗೆಯನ್ನು ಹೊಗಳಿ ಹೋದರು.

ಸಾತವ್ವ ತೀರಿಕೊಂಡಳು, ರುದ್ರಪ್ಪನೂ ಹೋದ. ಮಗ ವಿರೂಪಾಕ್ಷ ತೋಟವನ್ನು ಊರೂರಿನ ಜನ ಬಂದು ನೋಡುವ ಜಾಗ ಮಾಡಿದ. ಬಾಗಿಲಲ್ಲಿ ದೊಡ್ಡ ತಗಡಿನ ಫಲಕ ನಿಲ್ಲಿಸಿದ: 'ಮೂರು ತಲೆಮಾರಿನ ಬೆವರು. ಅಡಿವೆಪ್ಪ, ರುದ್ರಪ್ಪ, ವಿರೂಪಾಕ್ಷ.' ನನ್ನನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಚೀಟಿ ಅಂಟಿಸಿದ: 'ಸ್ಥಾಪಕರಾದ ಅಡಿವೆಪ್ಪನವರು ಬಳಸಿದ ಚಾಕು.'

ನಾನು! ಆ ಮನುಷ್ಯ ನನ್ನಿಂದ ಒಂದು ಅಡಿಕೆಯನ್ನೂ ಕತ್ತರಿಸಿದವನಲ್ಲ. ಬಾಯಿಲ್ಲದವನೆಂದು ನನ್ನ ಮೈಮೇಲೆಯೇ ಸುಳ್ಳು ಬರೆದರು.

ತೋಟ ತೆರೆದ ದಿನ ಬೆಳಿಗ್ಗೆ ಜನ ನೆರೆದಿದ್ದರು. ಕಸ್ತೂರೆವ್ವನಿಗೆ ಆಗ ಎಪ್ಪತ್ತು ದಾಟಿತ್ತು. ಕನ್ನಡಕ ಏರಿಸಿ, ಅಕ್ಷರ ಕೂಡಿಸಿಕೊಂಡು ಚೀಟಿ ಓದಿದಳು.

"ವಿರೂಪಾಕ್ಷ, ನಿಮ್ಮಜ್ಜ ಈ ಚಾಕು ಮುಟ್ಟಿದ್ದು ಯಾರು ನೋಡ್ಯಾರ?"

"ಯವ್ವಾ, ಮಂದಿ ಮುಂದ ಬ್ಯಾಡ. ಅದು ಸುಮ್ಮನ ಬರಿಸಿದ್ದು."

"ನಮ್ಮತ್ತಿ ಬೆನ್ನು ಸುಮ್ಮನ ಬಾಗಿತ್ತೇನು?" ಪೆಟ್ಟಿಗೆ ತೆರೆದು ನನ್ನನ್ನು ತೆಗೆದು ಅವನ ಮುಂದೆ ಹಿಡಿದಳು. "ಮೂರು ತಲಿಮಾರು ಅಂತ ಬರಿಸೀದಿ. ತಗೋ, ಒಂದ ಕಸಿ ಕಟ್ಟಿ ತೋರಿಸು."

ಅವನು ಕೈ ಚಾಚಲಿಲ್ಲ.

ಕಸ್ತೂರೆವ್ವ ನೇರ ಬಾಗಿಲಿಗೆ ನಡೆದಳು. ಫಲಕದಲ್ಲಿ ಅಡಿವೆಪ್ಪನ ಹೆಸರಿನ ಮೇಲೆ ಖಾಲಿ ಜಾಗವಿತ್ತು. ಅಲ್ಲಿ ನನ್ನ ಮೊನೆ ಊರಿ ತಗಡನ್ನು ಗೀರಿದಳು. ಹಲ್ಲು ಜುಮ್ಮೆನ್ನುವ ಸದ್ದು. ಬಣ್ಣ ಚಕ್ಕೆಯಾಗಿ ಎದ್ದಿತು, ನನ್ನ ಅಲಗು ಮುಕ್ಕಾಯಿತು, ಮೊನೆ ಮುರಿಯಿತು. ಅವಳು ನಿಲ್ಲಿಸಲಿಲ್ಲ, ನಿಲ್ಲಿಸುವುದು ನನಗೂ ಬೇಕಿರಲಿಲ್ಲ. ಸೊಟ್ಟ ಅಕ್ಷರಗಳಲ್ಲಿ 'ಸಾತವ್ವ' ಎಂದು ಮೂಡಿತು.

ಈಗ ನಾನು ಅಡುಗೆಮನೆಯ ಗೂಡಿನಲ್ಲಿದ್ದೇನೆ. ಇನ್ನು ಯಾವ ಕಸಿಗೂ ಆಗಿಬರುವುದಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ. ವಿರೂಪಾಕ್ಷ ಆ ಗೀರನ್ನು ಅಳಿಸಲಿಲ್ಲ. ನೋಡಲು ಬಂದವರು ಕೇಳಿದರೆ, ತಡವರಿಸುತ್ತಲೇ ಆದರೂ, ಅಜ್ಜಿಯ ಕತೆ ಹೇಳುತ್ತಾನೆ. ಅಷ್ಟರಮಟ್ಟಿಗೆ ಸರಿ.

ಆದರೆ ಅವತ್ತು ಜನ ಹೋದ ಮೇಲೆ ಅವನು ತಾಯಿಯನ್ನು ಕೇಳಿದ್ದ, "ನಿನ್ನ ಹೆಸರೂ ಬರೀಬೇಕಿತ್ತಲ್ಲ, ಯವ್ವಾ?"

"ಚಾಕು ಮೊಂಡಾತು," ಎಂದಿದ್ದಳು ಕಸ್ತೂರೆವ್ವ.

ಎರಡು ವರ್ಷವಾಯಿತು. ಅವನ ಹತ್ತಿರ ಬಣ್ಣವಿದೆ, ಕುಂಚವಿದೆ. ಇನ್ನೂ ಬರೆದಿಲ್ಲ.