ಆಹಾರ ಮುಟ್ಟುವವರ ಹೆಸರು

"ಈ ಅಡುಗೆಮನೆಯಲ್ಲಿ ಕೆಲಸ ಮಾಡೋರು ಎಷ್ಟು ಜನ, ಆಂಟಿ?"

ಆರೋಗ್ಯ ಇಲಾಖೆಯಿಂದ ತಪಾಸಣೆಗೆ ಬಂದಿದ್ದ ಮಲಯ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಾಗ ಮ್ಯಾಗ್ಡಲಿನ್ ಒಂದು ಗಳಿಗೆಯೂ ತಡೆಯಲಿಲ್ಲ.

"ನಾನೊಬ್ಬಳೇ," ಎಂದಳು. ಸುಳ್ಳು ಇಷ್ಟು ಸಲೀಸಾಗಿ ಬಾಯಿಗೆ ಬಂದೀತೆಂದು ಅವಳೇ ಎಣಿಸಿರಲಿಲ್ಲ.

ಎರಡನೆಯವರು ಹಜಾರದಲ್ಲಿ ಟಿವಿಯ ಮುಂದೆ ಕುಳಿತಿದ್ದರು. ಮಲೇಷ್ಯಾದ ಪೆಟಾಲಿಂಗ್ ಜಯಾದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಯಂತ್ರಗಳನ್ನು ಹೇಳಿದಂತೆ ಕುಣಿಸಿದ್ದ ಗಂಡ ಆಂಡ್ರ್ಯೂ. ಹೋದ ವರ್ಷ ಸ್ಟ್ರೋಕ್ ಆಗಿ ಬಲಗೈಯ ಸ್ವಾಧೀನ ತಪ್ಪಿತು, ಮಾತು ನಿಂತಿತು. ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಅಷ್ಟೇ. ಮನೆ ನಡೆಯಬೇಕಲ್ಲ, ಮ್ಯಾಗ್ಡಲಿನ್ ಊರಿನ ಬಫಾತ್ ಮಸಾಲೆ ಪುಡಿ ಮಾಡಿ ತಾವಿದ್ದ ಪುಚೊಂಗ್‌ನ ಮಂಗಳೂರಿನವರಿಗೆಲ್ಲ ಮಾರತೊಡಗಿದಳು. ಊರಿನಿಂದ ತರಿಸಿದ ಒಣಮೆಣಸಿನ ತೊಟ್ಟು ಮುರಿಯುವುದು ಆಂಡ್ರ್ಯೂವಿನ ಎಡಗೈಯ ಕೆಲಸವಾಯಿತು. ಅಡುಗೆಮನೆಯ ಬಾಗಿಲ ಬಳಿ ಕುರ್ಚಿ, ತೊಡೆಯ ಮೇಲೆ ಮೊರ. ಮುಗಿದ ಮೇಲೆ ಬೆರಳಿನ ಗೆಣ್ಣಿನಿಂದ ಮೊರದ ಅಂಚಿಗೆ ಎರಡು ಸಲ ಬಡಿಯುತ್ತಿದ್ದರು. ಒಂದು ತೊಟ್ಟು ಉಳಿದಿದ್ದರೂ ಬಡಿಯುತ್ತಿರಲಿಲ್ಲ, ಇಂಜಿನಿಯರ್ ಬುದ್ಧಿ! ಮ್ಯಾಗ್ಡಲಿನ್ ಬಂದು, "ಭಾರೀ ಚಂದ ಆಗಿದೆ ಪಪ್ಪಾ," ಎಂದರೆ ಸೊಟ್ಟ ಬಾಯಲ್ಲೇ ನಗುತ್ತಿದ್ದರು. ಇಡೀ ದಿನದಲ್ಲಿ ಅವರು ನಗುತ್ತಿದ್ದದ್ದು ಅದೊಂದೇ ಸಲ.

ಅಂಗಡಿಯೊಂದು ಪುಡಿ ಇಟ್ಟುಕೊಳ್ಳಲು ಒಪ್ಪಿದಾಗ ಕಾನೂನು ಅಡ್ಡ ಬಂತು. ಅಡುಗೆಮನೆಯನ್ನು ನೋಂದಾಯಿಸಬೇಕು. ಆಹಾರ ಮುಟ್ಟುವ ಪ್ರತಿಯೊಬ್ಬರೂ ಟೈಫಾಯಿಡ್ ಇಂಜೆಕ್ಷನ್ ಹಾಕಿಸಿಕೊಂಡು, ಒಂದು ದಿನದ ತರಬೇತಿ ಮುಗಿಸಿರಬೇಕು. ಅರ್ಜಿ ತುಂಬುವಾಗ ಮಗಳು ಸ್ಟೆಫನಿ, "ಪುಟ್ ಪಪ್ಪಾಸ್ ನೇಮ್ ಆಲ್ಸೋ ಲಾ, ಮಮ್ಮಾ," ಎಂದು ಇಲ್ಲಿಯವರಂತೆ 'ಲಾ' ಸೇರಿಸಿ ಹೇಳಿದ್ದಳು.

"ನಿನಗೆ ಮಂಡೆ ಸಮ ಉಂಟಾ? ಬಾಯಿಂದ ಜೊಲ್ಲು ಇಳಿಯುವುದನ್ನು ನೋಡಿದ್ರೆ ಯಾರು ಸಹಿ ಹಾಕ್ತಾರೆ?" ಎಂದು ಮ್ಯಾಗ್ಡಲಿನ್ ಗದರಿದ್ದಳು.

ಇವತ್ತು ತಪಾಸಣೆಯ ಹುಡುಗಿ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದು ಬೆಲ್ ಒತ್ತಿದ್ದಳು. ಗಂಡನ ತೊಡೆಯ ಮೇಲಿದ್ದ ಮೊರ ಕಸಿದು ಮಂಚದಡಿಗೆ ತಳ್ಳಿ, ಅವರನ್ನು ಹೇಗೋ ನಡೆಸಿಕೊಂಡು ಹೋಗಿ ಟಿವಿಯ ಮುಂದೆ ಕೂರಿಸುವಷ್ಟರಲ್ಲಿ ಮ್ಯಾಗ್ಡಲಿನ್‌ಳ ಉಸಿರು ಮೇಲೆ ಕೆಳಗೆ ಆಗಿತ್ತು. ಟಿವಿ ಹಾಕಲು ಮರೆತೇಹೋಯಿತು.

ಹುಡುಗಿ ಸಿಂಕು, ಡಬ್ಬಿ, ಕಿಟಕಿಯ ಬಲೆ ಎಲ್ಲ ನೋಡಿ ತಲೆಯಾಡಿಸಿದಳು. ಹೊರಟವಳು ಆಂಡ್ರ್ಯೂವಿನ ಎದುರು ನಿಂತಳು. ಅವರು ಎಡಗೈಯ ಮುಷ್ಟಿ ಬಿಗಿದು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

"ಅಂಕಲ್ ಹೆಲ್ಪ್ ಮಾಡ್ತಾರಾ ಆಂಟಿ? ನನ್ನ ಅಪ್ಪನಿಗೂ ಹೀಗೇ ಆಗಿತ್ತು. ಸುಮ್ನೆ ಕೂರಿಸ್ಬಾರದು ಲಾ. ಇಂಜೆಕ್ಷನ್ ಹಾಕ್ಸಿ, ಕೋರ್ಸಿಗೆ ನೀವೇ ಜೊತೆಗೆ ಕೂತ್ಕೊಳ್ಳಿ. ಮಾಸ್ಕು, ಗ್ಲೌಸ್ ಇದ್ರೆ ಆಯ್ತು. ಇವರ ಹೆಸರೂ ಬರ್ಕೊಳ್ಳಲಾ?"

ಮ್ಯಾಗ್ಡಲಿನ್ ಹುಡುಗಿಯ ಕೈಯಲ್ಲಿದ್ದ ಕಾಗದ ನೋಡಿದಳು. ಹೌದೆಂದರೆ ಈಗಷ್ಟೇ ಹೇಳಿದ ಸುಳ್ಳು ಬಯಲಾಗುತ್ತದೆ. ಸಹಿ ಇನ್ನೂ ಬಿದ್ದಿರಲಿಲ್ಲ.

"ಬೇಡ, ಬೇಡ," ಎಂದಳು. "ಇವರೇನೂ ಮಾಡುವುದಿಲ್ಲ. ಇವರಿಂದ ಏನೂ ಆಗುವುದಿಲ್ಲ."

ಆಂಡ್ರ್ಯೂ ಮುಖ ತಿರುಗಿಸಿ, ಆರಿದ್ದ ಟಿವಿಯನ್ನು ನೋಡತೊಡಗಿದರು. ಹುಡುಗಿ ಸಹಿ ಹಾಕಿದಳು.

ಬಾಗಿಲು ಮುಚ್ಚಿದ್ದೇ ತಡ, ಮ್ಯಾಗ್ಡಲಿನ್ ಮೊರ ಎಳೆದು ತಂದಳು. "ಪಾಸಾಯ್ತು ಪಪ್ಪಾ! ತಗೊಳ್ಳಿ, ಅರ್ಧ ಉಳಿದಿದೆ ಅಲ್ವಾ?"

ಮುಷ್ಟಿ ಬಿಚ್ಚಲಿಲ್ಲ. ಪಕ್ಕದಲ್ಲಿ ಮಂಡಿಯೂರಿ ಒಂದೊಂದೇ ಬೆರಳು ಬಿಡಿಸಿದಳು. ಒಳಗೆ ಒಂದು ಮೆಣಸಿತ್ತು, ತೊಟ್ಟು ಸಮೇತ. ಬೆಲ್ ಆದಾಗ ಕೈಯಲ್ಲಿದ್ದದ್ದು. ಬಂದವರಿಗೆ ಕಾಣಬಾರದೆಂದು, ಅವಳ ಮಾತು ಸುಳ್ಳಾಗಬಾರದೆಂದು ಅವರು ಅದನ್ನು ಅಷ್ಟು ಹೊತ್ತು ಹಿಡಿದೇ ಇದ್ದರು. ಮೆಣಸು ಪುಡಿಯಾಗಿ ಬೀಜಗಳು ಬೆವತ ಅಂಗೈಗೆ ಅಂಟಿದ್ದವು, ಚರ್ಮ ಕೆಂಪಗೆ ಉರಿದಿತ್ತು.

ತಣ್ಣೀರು ತಂದು ಕೈ ತೊಳೆದಳು, ಎಣ್ಣೆ ಸವರಿದಳು. "ಹೆದರಿಕೆಗೆ ಬಾಯಿಗೆ ಬಂದದ್ದು ಪಪ್ಪಾ. ನಾಳೆಯೇ ಇಂಜೆಕ್ಷನಿಗೆ ಹೋಗುವ, ನಿಮ್ಮ ಹೆಸರೂ ಸೇರಿಸುವ," ಎಂದು ಅತ್ತಳು. ಅವರು ಅವಳತ್ತ ನೋಡಲಿಲ್ಲ.

ಅವರನ್ನು ನಡೆಸಿಕೊಂಡು ಬಂದು ಅಡುಗೆಮನೆಯ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರಿಸಿ, ಮೊರ ತೊಡೆಯ ಮೇಲಿಟ್ಟು ಒಳಗೆ ಹೋದಳು. ಕೊತ್ತಂಬರಿ ಹುರಿದಳು, ಜೀರಿಗೆ ಹುರಿದಳು. ಎಲ್‌ಆರ್‌ಟಿ ರೈಲು ಎರಡು ಸಲ ಹಾದುಹೋಯಿತು. ಒಲೆ ಆರಿಸಿ, ಸೌಟು ಕೈಯಲ್ಲೇ ಹಿಡಿದು ಮೊರದ ಬಡಿತಕ್ಕೆ ಕಿವಿಗೊಟ್ಟು ನಿಂತಳು.

ಕೊನೆಗೆ ಬಾಗಿಲಿಗೆ ಬಂದು ನೋಡಿದಳು. ಮೊರ ಇಟ್ಟಂತೆಯೇ ಇತ್ತು. ಅದರ ಪಕ್ಕದಲ್ಲಿ ಎಣ್ಣೆ ಸವರಿದ ಎಡಗೈ ಅಂಗಾತ ಬಿದ್ದಿತ್ತು.