ನಮ್ಮ ಮನೆಯ ಸರ್ವೆ

ಶಿರ್ತಾಡಿಯಲ್ಲಿ ನಾನು ಆಶಾ ಕಾರ್ಯಕರ್ತೆ. ಹದಿಹರೆಯದ ಮಕ್ಕಳಿರುವ ಮನೆಗಳ ಸರ್ವೆ ಬಂದಾಗ ನಲ್ವತ್ತೊಂದು ಮನೆ ನನ್ನ ಪಾಲಿಗೆ ಬಿತ್ತು. ತಂದೆ ಊರಲ್ಲಿದ್ದಾರೆಯೇ, ಮಗಳು ಎಲ್ಲಿಗೆ ಹೋಗುತ್ತಾಳೆಂದು ಯಾರಾದರೂ ವಿಚಾರಿಸುತ್ತಾರೆಯೇ, ದೇಹದ ಬಗ್ಗೆ, ಪ್ರೀತಿ ಪ್ರೇಮದ ಬಗ್ಗೆ ಮನೆಯಲ್ಲಿ ಮಾತಾಡುತ್ತೀರಾ, ಹೀಗೆ ಪ್ರಶ್ನೆಗಳು. ನಾಚಿಕೊಳ್ಳುವ ಅಮ್ಮಂದಿರಿಗೆ ನನ್ನಿಂದ ಉಪದೇಶ ಬೇರೆ. ಮಕ್ಕಳಲ್ಲಿ ನೀವು ಮಾತಾಡದಿದ್ದರೆ ಮೊಬೈಲು ಮಾತಾಡುತ್ತದೆ ಎಂದು ಗದರಿದ್ದೂ ಉಂಟು. ಬಾಯಿ ನನ್ನದು ಮೊದಲಿನಿಂದಲೂ ಜೋರು.

ಆ ನಲ್ವತ್ತೊಂದರಲ್ಲಿ ನಮ್ಮದೂ ಒಂದು. ಗಂಡ ಕತಾರಿನಲ್ಲಿ, ಮಗಳು ತೃಷಾ ಮೂಡುಬಿದಿರೆಯಲ್ಲಿ ಪಿಯುಸಿ. ನಮ್ಮ ಮನೆಯಲ್ಲಿ ಕೇಳುವುದೇನು ಎಂದು ನಾನೇ ಎಲ್ಲದಕ್ಕೂ ಗುರುತು ಹಾಕಿ ಕೊಟ್ಟೆ. ಆರೋಗ್ಯ ಕೇಂದ್ರದ ಡಾಕ್ಟರಮ್ಮ ಫಾರ್ಮು ಹಿಂದೆ ಕೊಟ್ಟು, ಮಕ್ಕಳೇ ಉತ್ತರಿಸಬೇಕಾದ ಪ್ರಶ್ನೆಗಳೂ ಇವೆ, ಮಗಳನ್ನು ಕೇಳಿಯೇ ತುಂಬಿಸಿ ಎಂದರು.

ಒಂದು ಶುಕ್ರವಾರ ಸಂಜೆ ಅವಳನ್ನು ಎದುರಿಗೆ ಕೂರಿಸಿಕೊಂಡು ಫಾರ್ಮಿನಲ್ಲಿದ್ದ ಕನ್ನಡವನ್ನೇ ಓದಿದೆ. ಹುಟ್ಟಿದಾಗಿನಿಂದ ಅವಳೊಡನೆ ತುಳು ಬಿಟ್ಟು ಬೇರೆ ಮಾತಾಡಿದವಳಲ್ಲ ನಾನು. ಆದರೆ ಈ ವಿಷಯ ತುಳುವಿನಲ್ಲಿ ಎತ್ತಲು ನನಗೆ ಬಾಯಿಯೇ ಬರಲಿಲ್ಲ. "ಯಾರಾದರೂ ಒತ್ತಾಯಿಸಿದರೆ ಪೋಷಕರಿಗೆ ತಿಳಿಸುವಿರಾ?" ಎಂದು ಸ್ವಂತ ಮಗಳನ್ನು ಅಧಿಕಾರಿಯ ಹಾಗೆ ಕೇಳಿದೆ. ಅವಳು ನನ್ನ ಕೈಯ ಪೆನ್ನನ್ನೇ ನೋಡುತ್ತಾ, ಹೌದು ಅಂತ ಬರಿ ಎಂದಳು. ಬರೆದೆ. ಬರೆದು ಸಮಾಧಾನವನ್ನೂ ಪಟ್ಟೆ, ಮುಟ್ಠಾಳಿ ನಾನು.

ಮೂರು ವಾರ ಕಳೆದು ಒಂದು ಸಂಜೆ ಪೇಟೆಯ ಟೈಲರ್ ಸೇಸಮ್ಮ, ವಿನೋದಕ್ಕ ಎಂದು ಕರೆದು ಅಂಗಡಿಯೊಳಗೆ ಕೂರಿಸಿದಳು. ಎರಡು ಶನಿವಾರಗಳಿಂದ ಕಾಲೇಜು ಬಿಟ್ಟು ಬಸ್ಸಿಳಿದ ತೃಷಾ ಅಲ್ಲೇ ಬಂದು ಕೂರುತ್ತಾಳಂತೆ. ಹೊರಗೆ ಬೈಕಿನಲ್ಲಿ ಕಾಯುವ ಅವಳ ಕ್ಲಾಸಿನ ಹುಡುಗ ಹೋಗುವ ತನಕ ಏಳುವುದಿಲ್ಲವಂತೆ. ಅಮ್ಮನಲ್ಲಿ ಹೇಳು ಎಂದರೆ ಅಳುತ್ತಾಳಂತೆ.

ನಮ್ಮಲ್ಲಿ ಇಂಥದ್ದಕ್ಕೆಲ್ಲ ಸೋದರಮಾವನ ಮಾತೇ ಕೊನೆ. ಬೆಳುವಾಯಿಯ ನನ್ನ ಅಣ್ಣ ಮುಂಡಪ್ಪನಿಗೆ ಫೋನು ಮಾಡಿದೆ. ರಿಂಗಾಗುವಾಗಲೇ ಹೊಳೆಯಿತು: ಅವನು ಬಂದರೆ ಮೊದಲು ಮೊಬೈಲು ಕಿತ್ತುಕೊಳ್ಳುತ್ತಾನೆ, ಆಮೇಲೆ ಕಾಲೇಜು ಬಿಡಿಸುತ್ತಾನೆ, ಹುಡುಗಿ ಮತ್ತೆ ಈ ಜನ್ಮದಲ್ಲಿ ನನ್ನೆದುರು ಬಾಯಿ ಬಿಡಲಿಕ್ಕಿಲ್ಲ. ಅವನು ಎತ್ತುವ ಮೊದಲೇ ಕಟ್ ಮಾಡಿದೆ.

ಮನೆಗೆ ಬಂದಾಗ ಅವಳು ಬಸಳೆ ಹೆಚ್ಚುತ್ತಿದ್ದಳು. ಪಕ್ಕದಲ್ಲಿ ಕೂತೆ. ನಿನ್ನ ಪ್ರಾಯದಲ್ಲಿ ನನ್ನ ಹಿಂದೆಯೂ ಒಬ್ಬ ಬರುತ್ತಿದ್ದ, ನನಗೆ ಹೆದರಿಕೆಯಾಗುತ್ತಿತ್ತು, ಹೇಳಲು ಯಾರೂ ಇರಲಿಲ್ಲ ಎಂದು ತುಳುವಿನಲ್ಲಿ ತಡವರಿಸಿದೆ. ಗಂಡನಿಗೂ ಹೇಳದ ಮಾತು ಅದು.

ತೃಷಾ ಕತ್ತಿ ಕೆಳಗಿಟ್ಟಳು. "ನೀನು ಫಾರ್ಮು ಓದಿದ ಶುಕ್ರವಾರ ಹೇಳ್ಲಿಕ್ಕೆ ನೋಡಿದೆ ಅಮ್ಮ, ಆಗ್ಲಿಲ್ಲ. ಮರುದಿವಸ ಅವ ಕರೆದಲ್ಲಿಗೆ ಹೋದೆ. ಬೇಡ ಅನ್ಲಿಕ್ಕೆ ಧೈರ್ಯ ಬರ್ಲಿಲ್ಲ."

ಕೈ ಎತ್ತಲಿಲ್ಲ, ಎತ್ತಿದ್ದರೆ ನನ್ನ ಕೆನ್ನೆಗೇ ಹೊಡೆದುಕೊಳ್ಳಬೇಕಿತ್ತು. ತುಂಬ ಹೊತ್ತು ಅವಳ ಬೆನ್ನು ಸವರುತ್ತಾ ಕೂತಿದ್ದೆ.

"ನಾಳೆ ಡಾಕ್ಟರಮ್ಮನಲ್ಲಿಗೆ ಹೋಗುವ," ಎಂದೆ. "ನೀನು ಎಲ್ಲ ಹೇಳು. ನಾನು ಹೊರಗೆ ಕೂತ್ಕೊಳ್ತೇನೆ."

ಅವಳು ನನ್ನ ಸೆರಗು ಹಿಡಿದುಕೊಂಡಳು.

"ಹೊರಗೆ ಬೇಡ. ನೀನೂ ಒಳಗೆ ಬಾ."