ಉಮಾಶ್ರೀಗೆ ಮಾತ್ರ ಕೇಳಿದ ಪ್ರಶ್ನೆ

ನಮ್ಮೂರು ಸವಡಿಯಲ್ಲಿ ಮಕ್ಕಳು ಡಿಗ್ರಿಗೆ ಬಂದರೆ ಮನೆಯಲ್ಲೊಂದು ಗೊಂದಲ ಶುರುವಾಗುತ್ತದೆ. ಓದಿಸಬೇಕೋ, ಬಿಡಿಸಬೇಕೋ? ನಮ್ಮ ಮನೆಯಲ್ಲೂ ಹಾಗೇ ಆಯಿತು.

ಮೊಮ್ಮಗಳು ಉಮಾಶ್ರೀ ರೋಣದ ಕಾಲೇಜಿನಲ್ಲಿ ಬಿ.ಎ. ಎರಡು ವರ್ಷ ಮುಗಿಸಿದ್ದಳು. ಕೊನೆಯ ವರ್ಷದ ಪ್ರವೇಶ ನಡೆಯುತ್ತಿತ್ತು. ಅಷ್ಟರಲ್ಲಿ ರೋಣದ ಬಟ್ಟೆ ಅಂಗಡಿಯ ರಾಘಣ್ಣ ನನ್ನ ಮಗ ಗುರುಸಂಗಪ್ಪನಿಗೆ ಹೇಳಿದರು:

"ನಿನ್ನ ಮಗಳು ಭಾಳ ಚುರುಕ ಇದ್ದಾಳ. ನಮ್ಮ ಅಂಗಡ್ಯಾಗ ಕೌಂಟರಿಗೆ ಒಬ್ಬಾಕಿ ಬೇಕು. ಸೋಮವಾರದಿಂದ ಬರಲಿ. ಆದ್ರ ಇಡೀ ದಿವಸದ ಕೆಲಸ ಅದ, ಕಾಲೇಜು ಬಿಡಬೇಕಾಗ್ತದ."

ಗುರುಸಂಗಪ್ಪ ಮನೆಗೆ ಬಂದವನೇ ಮಗಳನ್ನು ಕರೆದ.

"ಎರಡ ವರ್ಷ ಕಲ್ತೀಯಲ್ಲವಾ, ಏನ ಸಿಕ್ತು? ಒಂದ ಮಾತಿನ್ಯಾಗ ಹೇಳು. ನನಗ ಖರೇ ಅನಿಸಿದ್ರ ಕಾಲೇಜು. ಇಲ್ಲಂದ್ರ ಅಂಗಡಿ."

ಉಮಾಶ್ರೀ ಅಪ್ಪನ ಮುಂದೆ ಬಂದು ನಿಂತಳು. "ಭಾಳ ಸಿಕ್ಕೈತಿ ಅಪ್ಪಾ. ಹ್ಯಾಂಗ ಹೇಳಬೇಕೋ ತಿಳೀವಲ್ದು."

"ಹೇಳಾಕ ಬರಲಾರದ್ದು ಎಂಥಾ ಕಲಿಕಿ? ನಮ್ಮ ಓಣಿ ಹೇಮಪ್ಪನ ಮಗನ್ನ ನೋಡು. ಡಿಗ್ರಿ ಮುಗಿಸಿ ಮನ್ಯಾಗ ಮೊಬೈಲ್ ತಿಕ್ಕೋಂತ ಕುಂತಾನ."

ಸೊಸೆ ಕಲ್ಲವ್ವ ಒಳಗಿನಿಂದಲೇ ಅಂದಳು: "ಆ ಹುಡುಗ ಸಾಲಿಗೆ ಹೋಗೂ ಮೊದಲ ಮೈಗಳ್ಳ ಇದ್ದ. ಅದಕ್ಕ ಕಾಲೇಜ್ ಏನ ಮಾಡೀತು?"

ನಾನು ಮೂರನೆಯ ತರಗತಿಗೇ ಶಾಲೆ ಬಿಟ್ಟವನು. ನನಗೆ ಉತ್ತರ ಎಲ್ಲಿಂದ ಬರಬೇಕು? ಓದುವ ಮಕ್ಕಳನ್ನೇ ಕೇಳೋಣವೆಂದು ಶನಿವಾರ ಮೊಮ್ಮಗಳ ಜೊತೆ ರೋಣದ ಬಸ್ ಹತ್ತಿದೆ. ಪಕ್ಕದಲ್ಲಿ ಅವಳ ಗೆಳತಿ ಮಾಲಾ ಕುಳಿತಿದ್ದಳು. ಕಾಲೇಜಿನಿಂದ ಏನು ಸಿಕ್ಕಿತೆಂದು ಅವಳನ್ನೇ ಮೊದಲು ಕೇಳಿದೆ.

"ಮನಿ ಬಿಟ್ಟು ಹೊರಗ ಬರಾಕ ಸಿಗತೈತಿ ಅಜ್ಜಾ. ಅಷ್ಟ ಸಾಕು ನನಗ," ಎಂದಳು ಮಾಲಾ.

ಹಿಂದಿನ ಸೀಟಿನಿಂದ ಅವರ ಜೊತೆ ಓದುವ ಸಂಗನಬಸವ ನಕ್ಕ. "ಈಕಿ ಕಲಿಯಾಕ ಬರ್ತಾಳೋ, ಗಾಳಿ ತಗೊಳ್ಳಾಕೋ!"

"ನೀ ಏನ ಕಡದ ಹಾಕೀದಿ, ಹೇಳಲ್ಲಾ ಮತ್ತ?" ಎಂದಳು ಮಾಲಾ.

ಅವನ ನಗು ಇಳಿಯಿತು. "ನೌಕರಿ ಸಿಗತೈತಿ ಅಂತ ಸೇರಿದ್ನಿರಿ ಅಜ್ಜಾ. ಸಿಗತೈತೋ ಇಲ್ಲೋ, ಈಗ ಗೊತ್ತಾಗವಲ್ದು. ಆದ್ರ ಮೊದಲ ಮೊಬೈಲ್‌ದಾಗ ಬಂದದ್ದೆಲ್ಲಾ ಖರೇ ಅಂತಿದ್ದೆ. ಈಗ ಯಾರ ಹೇಳಿದ್ರು, ಯಾಕ ಹೇಳಿದ್ರು ಅಂತ ಕೇಳ್ತೇನಿ."

"ಅದಕ್ಕ ಮನ್ಯಾಗ ದಿನಾ ಬೈಸ್ಕೋತಾನ್ರಿ," ಎಂದಳು ಮಾಲಾ.

ಅವನ ಪಕ್ಕದ ಯಮನೂರ ಮೆಲ್ಲಗೆ ಅಂದ: "ನನಗ ಗೆಳ್ಯಾರು ಸಿಕ್ರು ಅಜ್ಜಾ. ಮೊದಲ ನಮ್ಮ ಓಣಿ ಬಿಟ್ರ ಯಾರೂ ಗೊತ್ತಿರಲಿಲ್ಲ."

ಕಾಲೇಜಿನ ಗೇಟಿನಲ್ಲಿ ರಾಘಣ್ಣನ ಮಗಳು ಶ್ರದ್ಧಾ ಸಿಕ್ಕಳು. ಅವಳೂ ಉಮಾಶ್ರೀಯ ತರಗತಿಯವಳೇ. ಅವಳನ್ನೂ ಕೇಳಿದೆ. ಹುಡುಗಿ ನನ್ನ ಮುಖವನ್ನೇ ನೋಡಿದಳು.

"ನನಗ ಯಾರೂ ಹಿಂಗ ಕೇಳೇ ಇಲ್ರಿ ಅಜ್ಜಾ. ಏನು ಸಿಕ್ಕದ ಅಂತ ನನಗೂ ಗೊತ್ತಿಲ್ಲ. ಮುಂದ ಎಂ.ಎ. ಮಾಡು ಅಂತಾರ ನಮ್ಮಪ್ಪ."

ಹೋಗುವಾಗ ಇದ್ದ ಗೊಂದಲ ಬರುವಾಗ ಹೆಚ್ಚಾಗಿತ್ತು.

ಭಾನುವಾರ ಸಂಜೆ ರಾಘಣ್ಣ ಉತ್ತರ ಕೇಳಲು ಮನೆಗೇ ಬಂದರು. ಚಹಾ ಆಗುತ್ತಿತ್ತು. ಬಸ್ಸಿನಲ್ಲಿ ಕೇಳಿದ್ದನ್ನು ನಾನು ಹೇಳಿದೆ. ಗುರುಸಂಗಪ್ಪ ಹಣೆಗೆ ಕೈ ಹಚ್ಚಿದ.

"ಒಬ್ಬಾಕಿಗೆ ಗಾಳಿ, ಒಬ್ಬಂಗ ಗೆಳ್ಯಾರು! ಇದರಾಗ ಯಾವ್ದ ಹಿಡೀಲಿ ಯಪ್ಪಾ?"

"ಅದಕ್ಕ ಹೇಳೋದು," ಎಂದರು ರಾಘಣ್ಣ. "ಅಂಗಡಿ ಅಂದ್ರ ಪಗಾರ ಕೈಗೆ ಬರ್ತದ."

ನಾನು ನಾಲ್ಕು ಜನರ ನಡುವೆ ಮಾತಾಡುವುದು ಕಡಿಮೆ. ಆದರೂ ಕೇಳಬೇಕೆನಿಸಿತು.

"ರಾಘಣ್ಣಾರ, ನಿಮ್ಮ ಶ್ರದ್ಧಾನ್ನ ಕೌಂಟರಿಗೆ ಯಾಕ ಕುಂದರಿಸಿಲ್ರಿ?"

"ಆಕಿ ಓದ್ಲಿಕತ್ತಾಳಲ್ರಿ."

"ಓದಿ ಏನ ಸಿಕ್ತು ಅಂತ ಆಕಿಗೆ ಕೇಳೀರೇನು?"

ರಾಘಣ್ಣನ ಕೈಯಲ್ಲಿದ್ದ ಕಪ್ಪು ಬಾಯಿಗೆ ಹೋಗಲಿಲ್ಲ. "ಇಲ್ರಿ... ನಮ್ಮಜ್ಜ ಓದಿದ್ರು, ನಮ್ಮಪ್ಪ ಓದಿದ್ರು. ನಮ್ಮ ಮನ್ಯಾಗ ಯಾರೂ ಯಾರಿಗೂ ಕೇಳಿಲ್ಲ."

ಕಲ್ಲವ್ವ ಬಾಗಿಲಿಗೆ ಬಂದು ನಿಂತಳು. "ಹಂಗಾರ ನನ್ನ ಮಗಳಿಗೆ ಅಷ್ಟ ಯಾಕ್ರಿ ಪರೀಕ್ಷಾ?"

ಉಮಾಶ್ರೀ ಅಪ್ಪನ ಹತ್ತಿರ ಕುಳಿತಳು. "ಅಪ್ಪಾ, ನಮ್ಮ ಮನ್ಯಾಗ ಡಿಗ್ರಿಗೆ ಹೋದಾಕಿ ನಾನ ಮೊದಲ. ಯಾರನ್ನ ನೋಡಿ ಉತ್ತರ ಹೇಳ್ಲಿ? ಮುಗಸಾಕರ ಬಿಡು."

ರಾಘಣ್ಣ ಕಪ್ಪು ಕೆಳಗಿಟ್ಟರು. "ಗುರುಸಂಗಪ್ಪಾ, ಅಂಗಡಿಗೆ ನಾ ಬ್ಯಾರೆ ಯಾರನ್ನರ ನೋಡ್ತೀನಿ. ವಿದ್ಯಾರ್ಥಿವೇತನ ಇರ್ತದ, ಕಾಲೇಜಿನ ಆಫೀಸಿನ್ಯಾಗ ವಿಚಾರಸು. ಮನಸ್ಸಿದ್ರ ಕಾಲೇಜಿಗೆ ಸೂಟಿ ಬಿಟ್ಟಾಗ ಅಂಗಡಿಗೆ ಬರಲಿ ಆಕಿ."

ಗುರುಸಂಗಪ್ಪ ತನ್ನ ಚಹಾ ಮುಗಿಸಿದ. ಆಮೇಲೆ ಮಗಳಿಗೆ ಅಂದ: "ನಾಳೆ ಮುಂಜಾನಿ ಲಗೂ ಏಳವಾ. ಪ್ರವೇಶಕ್ಕ ನಾನೂ ಬರ್ತೇನಿ."

"ಬರ್ರಿ," ಎಂದಳು ಕಲ್ಲವ್ವ, "ಆದ್ರ ಅಲ್ಲಿ ಕಂಡಕಂಡವರಿಗೆಲ್ಲಾ ಏನ ಸಿಕ್ತು ಅಂತ ಕೇಳಕೋಂತ ನಿಂದ್ರಬ್ಯಾಡ್ರಿ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕಾಲೇಜಿನಿಂದ ಏನು ಸಿಗುತ್ತದೆ ಎಂದು ಒಂದು ಮಾತಿನಲ್ಲಿ ಹೇಳಲು ನನಗೆ ಇಂದಿಗೂ ಆಗುವುದಿಲ್ಲ. ನೌಕರಿ ಸಿಗಬಹುದು, ಸಿಗದೆಯೂ ಇರಬಹುದು. ಆದರೆ ಮಗಳಿಗೆ ಉತ್ತರ ಬರಲಿಲ್ಲವೆಂದು ಓದನ್ನು ನಡುವೆ ಬಿಡಿಸಬೇಡಿ. ಶುಲ್ಕ, ವಿದ್ಯಾರ್ಥಿವೇತನ, ಹಾಸ್ಟೆಲ್ ಏನೇನಿದೆ ಎಂದು ನೀವೇ ಕಾಲೇಜಿಗೆ ಹೋಗಿ ವಿಚಾರಿಸಿ. ಓದುವ ರೂಢಿಯಿದ್ದ ಮನೆಗಳಲ್ಲಿ ಮಕ್ಕಳು ಲೆಕ್ಕ ಒಪ್ಪಿಸದೆ ಓದುತ್ತಾರೆ. ನಿಮ್ಮ ಮನೆಯ ಮೊದಲ ಹುಡುಗಿಯೂ ಹಾಗೆಯೇ ಓದಿ ಮುಗಿಸಲಿ.